ಕಾಂಗೇಯಂ ರಸ್ತೆಯಲ್ಲಿ ಕಾರ್ತಿಕಾ

ವೆಳ್ಳಕೋಯಿಲಿನ ಕುಮರೇಶನ್ ಓಡಲು ಶುರುಮಾಡಿದ್ದು ಡಾಕ್ಟರು ಹೇಳಿದ್ದಕ್ಕೆ. ರಕ್ತದೊತ್ತಡ ಏರಿತ್ತು, ಹೊಟ್ಟೆ ಮುಂದಕ್ಕೆ ಬಂದಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್‌ಗಳ ನಡುವೆ ದಿನವಿಡೀ ಓಡಾಡುತ್ತೇನಲ್ಲ ಎಂದು ಅವನು ವಾದಿಸಿದರೆ, ಅದು ಮೈಗೆ ದಣಿವೇ ಹೊರತು ವ್ಯಾಯಾಮ ಅಲ್ಲ ಎಂದು ಡಾಕ್ಟರು ನಕ್ಕುಬಿಟ್ಟರು. ಮೊದಮೊದಲು ನಡೆದ. ಆಮೇಲೆ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಓಡಿದ. ವರ್ಷ ಕಳೆಯುವಷ್ಟರಲ್ಲಿ ಓಟ ಔಷಧಿಯಾಗಿ ಉಳಿಯದೆ ಆಸೆಯಾಗಿಬಿಟ್ಟಿತು. ಬೆಳಗಿನ ಗಾಳಿಯಲ್ಲಿ ಮಗ್ಗದ ಸದ್ದೇ ಕೇಳದ ಕಡೆ ಒಬ್ಬನೇ ಓಡುವುದು ಅವನಿಗೆ ಹಿತವಾಗಿತ್ತು.

ಅವನ ಒಂಟಿತನ ಮುಗಿದದ್ದು ಮಗಳ ಶಾಲೆಯಲ್ಲಿ. ಕಾರ್ತಿಕಾ ಆಗ ಎಂಟನೆಯ ತರಗತಿಯಲ್ಲಿದ್ದಳು. ಅವಳಿಗೆ ಚರಿತ್ರೆ ಕಲಿಸುತ್ತಿದ್ದ ಈಶ್ವರನ್ ಮೇಷ್ಟರಿಗೆ ಚಿಕ್ಕಂದಿನಲ್ಲೇ ಕಣ್ಣು ಹೋಗಿತ್ತು. ಪೋಷಕರ ಸಭೆಗೆ ಹೋದಾಗ ಅವರು ಅಂಕದ ಮಾತೆತ್ತದೆ, ನೀವು ದಿನಾ ಓಡುತ್ತೀರಂತೆ, ನಿಮ್ಮ ಮಗಳು ಹೇಳಿದಳು, ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದರು. ಕುರುಡರ ಶಾಲೆಯ ಹಾಸ್ಟೆಲಿನಲ್ಲಿದ್ದಾಗ ಅವರು ಮೈದಾನದಲ್ಲಿ ಓಡುತ್ತಿದ್ದರಂತೆ. ಕೆಲಸ ಸಿಕ್ಕಿ ಊರಿಗೆ ಬಂದ ಮೇಲೆ ಜೊತೆಗಾರರಿಲ್ಲದೆ ಅದು ನಿಂತುಹೋಗಿತ್ತು. ಕುಮರೇಶನ್ ಬೆಡ್‌ಶೀಟಿನ ಅಂಚು ಕತ್ತರಿಸಿದ ಗಟ್ಟಿ ಪಟ್ಟಿಯೊಂದನ್ನು ಎರಡು ಕಡೆಯೂ ಕುಣಿಕೆ ಮಾಡಿ ಹೊಲಿಸಿದ. ಒಂದು ಕುಣಿಕೆ ಮೇಷ್ಟರ ಕೈಯಲ್ಲಿ, ಇನ್ನೊಂದು ಇವನ ಕೈಯಲ್ಲಿ. ಹಾಗೆ ಇಬ್ಬರೂ ಓಡತೊಡಗಿದರು.

ಇದೆಲ್ಲ ಅವನ ಹೆಂಡತಿ ವಿಜಯಕುಮಾರಿಗೆ ಒಪ್ಪಿಗೆಯಾಗಿತ್ತು ಎನ್ನುವಂತಿಲ್ಲ. ವಾರಕ್ಕೊಮ್ಮೆ ಮಗ್ಗ ನಿಲ್ಲುವುದು ಭಾನುವಾರ. ಸಂತೆ, ಎಣ್ಣೆಸ್ನಾನ, ಪೋತ್ತನೂರಿನ ಅಕ್ಕನ ಮನೆ, ಎಲ್ಲಕ್ಕೂ ಇರುವುದು ಅದೊಂದೇ ದಿನ. ಆ ದಿನವೇ ಗಂಡ ಹತ್ತು ಗಂಟೆಯವರೆಗೆ ಮನೆಯಲ್ಲಿರುತ್ತಿರಲಿಲ್ಲ. ಬಂದ ಮೇಲೂ ಕಾಲು ಚಾಚಿ ಮಲಗುತ್ತಿದ್ದ. ಅವಳು ಸಹಿಸಿದಳು. ಆದರೆ ಅವಳ ಅಕ್ಕ ರಾಜಾಮಣಿಯ ಹೊಸ ಮನೆಯ ಗೃಹಪ್ರವೇಶದ ದಿನ ಕುಮರೇಶನ್ ಉಡುಮಲೈ ಕಡೆ ಯಾವುದೋ ಧರ್ಮಾರ್ಥ ಓಟಕ್ಕೆ ಹೋಗಿ, ಊಟದ ಎಲೆ ಎತ್ತಿದ ಮೇಲೆ ಬಂದು ನಿಂತಾಗ ಮಾತ್ರ ಅವಳು ಸುಮ್ಮನಿರಲಿಲ್ಲ. ಮನೆಗೆ ಬಂದು, ಬಾಗಿಲು ಹಾಕಿ, ಹೇಳಬೇಕಾದ್ದನ್ನೆಲ್ಲ ಹೇಳಿದಳು. ಊರ ಮಕ್ಕಳಿಗಾಗಿ ಓಡುವವನಿಗೆ ಮನೆಯಲ್ಲಿ ಒಬ್ಬ ಮಗಳಿರುವುದು ನೆನಪಿದೆಯೇ ಎಂದು ಕೇಳಿದಳು. ಕೊನೆಗೆ ಅವಳೇ ದಾರಿ ಹೇಳಿದಳು.

“ಓಡೋದನ್ನ ಬಿಡಿ ಅಂತ ನಾನು ಹೇಳಲ್ಲ. ಪಾಪುನ್ನೂ ಕರಕೊಂಡು ಹೋಗಿ. ಆ ಹೊತ್ತಲ್ಲಾದ್ರೂ ಅವಳಿಗೆ ಅಪ್ಪ ಸಿಗ್ಲಿ.”

ಹೀಗೆ ಕಾರ್ತಿಕಾ ಸೈಕಲ್ ಏರಿ ಅವರ ಜೊತೆ ಬರತೊಡಗಿದಳು. ನೀರಿನ ಬಾಟಲಿ, ಕಡಲೆಮಿಠಾಯಿ ಅವಳ ಬುಟ್ಟಿಯಲ್ಲಿ. ಮೊದಲ ತಿಂಗಳು ಮುಖ ಊದಿಸಿಕೊಂಡೇ ಬಂದಳು. ಆಮೇಲೆ ಅವಳೂ ಮೇಷ್ಟರೂ ಮಾತಿಗೆ ಬಿದ್ದರು. ತರಗತಿಯಲ್ಲಿ ದಿನಾ ಮೊದಲಿಗೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಎಬ್ಬಿಸಿ, ಇವತ್ತು ಶಾಲೆಗೆ ಬರುವ ದಾರಿಯಲ್ಲಿ ಏನೇನು ಕಂಡೆ ಹೇಳು ಎನ್ನುವುದು ಮೇಷ್ಟರ ರೂಢಿಯಾಗಿತ್ತು. ಕಾರ್ತಿಕಾ ಆ ಶಾಲೆ ಬಿಟ್ಟ ಮೇಲೂ ಅವರಿಗೆ ಹೇಳುವುದನ್ನು ಬಿಡಲಿಲ್ಲ. ಸೈಕಲ್ ತುಳಿದು ಬೇಜಾರಾದಾಗ ಅದನ್ನು ಎಲ್ಲಾದರೂ ನಿಲ್ಲಿಸಿ, ತಾನೂ ಸ್ವಲ್ಪ ದೂರ ಓಡುವಳು. ಶಾಲೆಯ ಮೈದಾನದಲ್ಲಿ ಕೆಲವು ಸಲ ಪಟ್ಟಿ ಹಿಡಿದು ಮೇಷ್ಟರನ್ನು ಓಡಿಸಿದ್ದೂ ಉಂಟು. ಪ್ಲಸ್ ಟೂ ಸೇರಿದ ಮೇಲೆ ಪುಸ್ತಕ ಹಿಡಿದು ಕೂರಬೇಕಾಗಿ ಬಂದರೂ ಭಾನುವಾರ ಬೆಳಿಗ್ಗೆ ಮಾತ್ರ ಅವಳನ್ನು ಯಾರೂ ಎಬ್ಬಿಸಬೇಕಾಗಿರಲಿಲ್ಲ.

ಆ ವರ್ಷ ಪೊಂಗಲ್ ಹಬ್ಬ ಕಳೆದ ಮೇಲೆ ವೆಳ್ಳಕೋಯಿಲಿನಿಂದ ಕಾಂಗೇಯಂವರೆಗೆ ಒಂದು ಓಟ ಏರ್ಪಾಟಾಯಿತು. ಕಣ್ಣಿಲ್ಲದ ಹೆಣ್ಣುಮಕ್ಕಳು ಊರಲ್ಲೇ ಇದ್ದು ಕಾಲೇಜು ಓದಲು ಒಂದು ಹಾಸ್ಟೆಲ್ ಕಟ್ಟಿಸಲು ಹಣ ಕೂಡಿಸಬೇಕೆಂದು ಎರಡೂ ಊರಿನ ಕೆಲವರು ಸೇರಿದ್ದರು. ಅದರ ಹಿಂದೆ ಬಿದ್ದು ಎಲ್ಲರ ಮನೆಬಾಗಿಲಿಗೂ ಹೋಗಿ ಬಂದವರು ಈಶ್ವರನ್ ಮೇಷ್ಟರೇ. ಆ ಹಾಸ್ಟೆಲಿಗೆ ಬರಲಿರುವ ಹುಡುಗಿಯರು ಕಾಂಗೇಯಂನ ಕಲ್ಯಾಣಮಂಟಪದ ಮುಂದೆ ಕಾಯುತ್ತಾರೆಂದೂ, ತಾನು ಓಡಿಕೊಂಡೇ ಬರುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೇನೆಂದೂ ಅವರು ಕುಮರೇಶನ್‌ಗೆ ಹೇಳಿದ್ದರು. ಎದೆಗೆ ಚುಚ್ಚಿಕೊಳ್ಳುವ ಸಂಖ್ಯೆಯ ಕೆಳಗೆ ಇಬ್ಬರ ಹೆಸರನ್ನೂ ಸೇರಿಸಿ ಬರೆಸಿದ್ದರು.

ಓಟದ ದಿನ ನಸುಕಿನಲ್ಲಿ ಚಳಿ ಇತ್ತು. ಹೊರಟಾಗ ಎಲ್ಲವೂ ಸರಿಯಾಗಿತ್ತು. ಕುಮರೇಶನ್ ಎಂದಿನಂತೆ ಎಡಕ್ಕೆ, ಬಲಕ್ಕೆ, ಏರು, ಗುಂಡಿ ಎಂದು ಚುಟುಕಾಗಿ ಹೇಳುತ್ತ ಓಡುತ್ತಿದ್ದ. ಕಾರ್ತಿಕಾ ಸೈಕಲಿನಲ್ಲಿ ಮುಂದೆ ಹೋಗಿ ನೀರು ಹಿಡಿದು ನಿಲ್ಲುತ್ತಿದ್ದಳು. ಅರ್ಧಕ್ಕಿಂತ ಹೆಚ್ಚು ದಾರಿ ಸಾಗಿ, ಓಲಪ್ಪಾಳಯಂ ದಾಟಿದ ಮೇಲೆ ಒಂದು ಮೋರಿಯ ಹತ್ತಿರ ಅವನ ಎಡಗಾಲಿನ ಮೀನಖಂಡದಲ್ಲಿ ಯಾರೋ ಕಲ್ಲು ಬೀಸಿ ಹೊಡೆದಂತಾಯಿತು. ಇನ್ನೆರಡು ಹೆಜ್ಜೆ ಇಟ್ಟ. ಮೂರನೆಯದು ಆಗಲಿಲ್ಲ.

ಮೋರಿಕಟ್ಟೆಯ ಮೇಲೆ ಕೂತು ತಿಕ್ಕಿ ನೋಡಿದ, ನಿಂತು ನೋಡಿದ. ಕಾಲು ಊರಲು ಬರಲಿಲ್ಲ. ಅವರ ಹಿಂದಿದ್ದವರು ಒಬ್ಬೊಬ್ಬರಾಗಿ ಮುಂದೆ ಹೋದರು. ಒಬ್ಬಿಬ್ಬರು ನಿಂತು, ಆಂಬುಲೆನ್ಸಿಗೆ ಹೇಳಲೇ ಎಂದು ಕೇಳಿದರು. ಕುಮರೇಶನ್ ಬೇಡವೆಂದ. ಮೇಷ್ಟರು ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಪಕ್ಕದಲ್ಲಿ ನಿಂತಿದ್ದರು. ಪರವಾಗಿಲ್ಲ, ಇಷ್ಟು ದೂರ ಬಂದೆವಲ್ಲ, ಮಕ್ಕಳಿಗೆ ಫೋನ್ ಮಾಡಿ ಹೇಳಿದರಾಯಿತು ಎಂದರು. ಅವರ ಮುಖ ನೋಡಲು ಕುಮರೇಶನ್‌ಗೆ ಆಗಲಿಲ್ಲ.

ಕಾರ್ತಿಕಾ ಸೈಕಲನ್ನು ಬೇವಿನ ಮರಕ್ಕೆ ಒರಗಿಸಿದಳು. ಶೂ ದಾರ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು. ಆಮೇಲೆ ಅಪ್ಪನ ಕಡೆ ತಿರುಗದೆ ಮೇಷ್ಟರ ಹತ್ತಿರ ಹೋಗಿ ನಿಂತಳು.

“ಸಾರ್, ನಾನು ಬರಲಾ?”

ಬೇಡ ಎಂದು ಕುಮರೇಶನ್ ತಕ್ಷಣ ಹೇಳಿದ. ಇದು ಶಾಲೆಯ ಮೈದಾನವಲ್ಲ, ಹೈವೇ; ಕಾಂಗೇಯಂ ಹತ್ತಿರ ಬಂದಂತೆ ಲಾರಿಗಳು ಹೆಚ್ಚು; ಅವಳು ಇಷ್ಟು ದೂರ ಒಂದೇ ಸಮನೆ ಎಂದೂ ಓಡಿಲ್ಲ. ಅವನು ಹೇಳಿದ್ದೆಲ್ಲ ನಿಜವೇ ಆಗಿತ್ತು. ಮೇಷ್ಟರು ಪೂರ್ತಿ ಕೇಳಿಸಿಕೊಂಡರು.

“ಕುಮರೇಶನ್, ನಿಮಗೆ ನನ್ನ ಬಗ್ಗೆ ಭಯವಾ, ಅವಳ ಬಗ್ಗೆ ಭಯವಾ?”

“ಎರಡೂ ಸಾರ್.”

“ನನ್ನ ವಿಷಯ ನನಗೆ ಬಿಡಿ. ಅವಳ ವಿಷಯ ಅವಳನ್ನೇ ಕೇಳಿ.”

ಕುಮರೇಶನ್ ಮಗಳನ್ನು ನೋಡಿದ. ಅವಳ ಭುಜ ತನ್ನ ಭುಜದಷ್ಟೇ ಎತ್ತರಕ್ಕೆ ಬಂದಿರುವುದು ಕಟ್ಟೆಯ ಮೇಲೆ ಕೂತು ತಲೆಯೆತ್ತಿ ನೋಡಿದಾಗ ಗೊತ್ತಾಯಿತು. ಅವಳು ಬೇಡಿಕೊಳ್ಳುತ್ತಿರಲಿಲ್ಲ, ಹಟವನ್ನೂ ಹಿಡಿದಿರಲಿಲ್ಲ.

“ಕಷ್ಟ ಆದ್ರೆ ನಿಂತುಬಿಡ್ತೀನಪ್ಪಾ,” ಎಂದಳು. “ನಿಂತರೆ ನಾಚಿಕೆ ಪಡಲ್ಲ.”

ಅವನು ತನ್ನ ಕುಣಿಕೆಯನ್ನು ಅವಳ ಕೈಗೆ ಹಾಕಿದ.

ಅವರಿಬ್ಬರೂ ತಿರುವಿನಲ್ಲಿ ಮರೆಯಾದ ಸ್ವಲ್ಪ ಹೊತ್ತಿಗೆ ವಿಜಯಕುಮಾರಿ ಮೊಪೆಡ್ಡಿನಲ್ಲಿ ಬಂದಳು. ಮನೆಗೆಲಸ ಮುಗಿಸಿ, ಮೂವರಿಗೂ ಇಡ್ಲಿ ಕಟ್ಟಿಕೊಂಡು ಕಾಂಗೇಯಂಗೆ ಹೊರಟಿದ್ದವಳು ಮೋರಿಯ ಮೇಲೆ ಕೂತ ಗಂಡನನ್ನು ಕಂಡು ಗಾಬರಿಯಿಂದ ನಿಲ್ಲಿಸಿದಳು. ನಡೆದದ್ದನ್ನೆಲ್ಲ ಹೇಳಿ, ಅವಳು ಬಯ್ಯುತ್ತಾಳೆಂದು ಅವನು ಕಾದ. ಅವಳು ಬಯ್ಯಲಿಲ್ಲ. ಟಿಫಿನ್ ಕ್ಯಾರಿಯರನ್ನು ಮುಂದೆ ಕಾಲ ನಡುವೆ ಸರಿಸಿಕೊಂಡು, ಹತ್ತಿ ಎಂದಳು.

ಅವರು ಮಗಳನ್ನು ಹಿಂದಿನಿಂದ ಕಂಡರು. ಮೇಷ್ಟರ ಹೆಜ್ಜೆಗೆ ತನ್ನ ಹೆಜ್ಜೆ ಸೇರಿಸಿ, ಒಂದಿಷ್ಟೂ ಎಳೆಯದೆ, ಅವರ ಎಡಕ್ಕೆ ಓಡುತ್ತಿದ್ದಳು. ಕುಮರೇಶನ್ ಇಷ್ಟು ವರ್ಷ ಪಟ್ಟಿಯ ಆ ತುದಿಯಲ್ಲಿ ಇದ್ದವನೇ ಹೊರತು ಅದು ಹೊರಗಿನಿಂದ ಹೇಗೆ ಕಾಣುತ್ತದೆಂದು ನೋಡಿರಲಿಲ್ಲ. ಮೊಪೆಡ್ ಹತ್ತಿರವಾದಾಗ ಅವಳ ಮಾತೂ ಕೇಳಿಸಿತು. ಗುಂಡಿ, ಏರು, ಎಡ, ಬಲ ಎಲ್ಲವನ್ನೂ ಅವಳು ಹೇಳುತ್ತಿದ್ದಳು. ಅವುಗಳ ನಡುವೆ ಬೇರೆಯದನ್ನೂ ಹೇಳುತ್ತಿದ್ದಳು. ಬಲಗಡೆ ಬೇಲಿಯೊಳಗೆ ಒಂದು ಹಸು ಕರುವಿನ ಬೆನ್ನು ನೆಕ್ಕುತ್ತಾ ಇದೆ ಸಾರ್, ಕರು ಇನ್ನೂ ಕೆಂಪಗಿದೆ. ಮೂರು ನವಿಲು ಹೊಲದಲ್ಲಿ. ಒಬ್ಬ ಅಜ್ಜಿ ಕೊಡ ಇಳಿಸಿ ನಮ್ಮನ್ನೇ ನೋಡ್ತಾ ಇದಾರೆ, ಕೈ ಬೀಸಿ. ಮೇಷ್ಟರು ಕೈ ಬೀಸಿದರು. ಅಜ್ಜಿಯೂ ಬೀಸಿದಳು.

ಕುಮರೇಶನ್ ಮೇಷ್ಟರನ್ನು ಅದೇ ರಸ್ತೆಯಲ್ಲಿ ಎಷ್ಟೋ ಸಲ ಓಡಿಸಿದ್ದ. ಗುಂಡಿಯ ಹೊರತು ಇನ್ನೇನನ್ನಾದರೂ ಹೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಅದನ್ನು ನೆನೆದು ಅವನಿಗೆ ಬೇಸರವೇನೂ ಆಗಲಿಲ್ಲ. ನನ್ನ ಮಗಳಿಗೆ ಹೊಳೆದಿದೆಯಲ್ಲ ಎಂದು ಎದೆ ತುಂಬಿ ಬಂತು.

ಕಾಂಗೇಯಂ ಸಮೀಪಿಸಿದಂತೆ ಒಣಕೊಬ್ಬರಿಯ ವಾಸನೆ ಗಾಳಿಯಲ್ಲಿ ಬಂತು. ರಸ್ತೆಯ ಎರಡೂ ಬದಿ ಕೊಬ್ಬರಿ ಹರಡಿ ಒಣಗಿಸುವ ಕಣಗಳು. ಒಂದು ಎಣ್ಣೆ ಮಿಲ್ಲಿನ ಗೇಟಿನಿಂದ ಲಾರಿಯೊಂದು ಹಿಂದಕ್ಕೆ ಸರಿಯುತ್ತ ರಸ್ತೆಗೆ ಬರುತ್ತಿತ್ತು. ಡ್ರೈವರ್ ಇವರನ್ನು ನೋಡಿದಂತಿರಲಿಲ್ಲ. ಕುಮರೇಶನ್ ಬಾಯಿ ತೆರೆದ. ವಿಜಯಕುಮಾರಿ ಹಿಂದಕ್ಕೆ ಕೈ ಚಾಚಿ ಅವನ ಮೊಣಕಾಲು ಹಿಡಿದಳು.

“ಕೂಗಬೇಡಿ. ಅವರಿಗೆ ಅವಳ ಸ್ವರ ಒಂದೇ ಕೇಳ್ಲಿ.”

ಅಷ್ಟರಲ್ಲಿ ಕಾರ್ತಿಕಾ ನಿಲ್ಲಿ ಸಾರ್ ಎಂದು, ಬಲಗೈಯನ್ನು ಮೇಷ್ಟರ ಎದೆಗೆ ಅಡ್ಡ ಹಿಡಿದು ನಿಲ್ಲಿಸಿಯಾಗಿತ್ತು. ಲಾರಿ ಪೂರ್ತಿ ತಿರುಗುವವರೆಗೆ ಕಾದಳು. ಡ್ರೈವರ್ ಆಗ ಕಂಡು, ತಲೆ ಹೊರಗೆ ಹಾಕಿ ತಪ್ಪಾಯಿತೆಂದು ಹೇಳಿದ. ಅವಳು ತಲೆಯಾಡಿಸಿ ಮತ್ತೆ ಓಡತೊಡಗಿದಳು.

ಊರು ಕಾಣುವ ಹೊತ್ತಿಗೆ ಅವಳಿಗೆ ಪಕ್ಕೆ ಹಿಡಿದುಕೊಂಡಿತು. ಬಾಗಿ ನಿಂತಳು. ಹಿಂದಿನಿಂದ ನೋಡುತ್ತಿದ್ದ ಅಪ್ಪ ಅಮ್ಮ ಇಬ್ಬರೂ ಇಳಿದು ಓಡಿಹೋಗುವ ಮನಸ್ಸನ್ನು ತಡೆದುಕೊಂಡರು. ಈಗ ಮಾತಾಡಿದ್ದು ಮೇಷ್ಟರು. ಉಸಿರನ್ನು ನಿಧಾನವಾಗಿ ಹೊರಗೆ ಬಿಡು, ಅವಸರವಿಲ್ಲ, ನಡೆಯೋಣ ಎಂದರು. ಇಬ್ಬರೂ ನಡೆದರು. ಒಂದು ಟೀ ಅಂಗಡಿಯವರೆಗೆ, ಅಲ್ಲಿಂದ ಒಂದು ಪೆಟ್ರೋಲ್ ಬಂಕಿನವರೆಗೆ. ಆಮೇಲೆ ಯಾರು ಮೊದಲು ಶುರುಮಾಡಿದರೋ ತಿಳಿಯದಂತೆ ಮತ್ತೆ ಓಟ ಹತ್ತಿಕೊಂಡಿತು.

ಕಲ್ಯಾಣಮಂಟಪದ ಮುಂದೆ ಪದಕ ಹಂಚುವುದು ಮುಗಿಯುತ್ತ ಬಂದಿತ್ತು. ಅರ್ಧ ಜನ ಪೊಂಗಲ್ ತಟ್ಟೆ ಹಿಡಿದಿದ್ದರು. ಆದರೂ ಇವರನ್ನು ಕಂಡು ಚಪ್ಪಾಳೆ ಎದ್ದಿತು. ಒಂದೇ ಸಾಲಿನಲ್ಲಿ ಕೈ ಹಿಡಿದು ನಿಂತಿದ್ದ ಹುಡುಗಿಯರಿಗೆ ಯಾರೋ, ಬಂದರು, ನಿಮ್ಮ ಸಾರ್ ಬಂದರು ಎಂದು ಹೇಳಿದರು. ಸಂಖ್ಯೆ ನೋಡಿ ಹೆಸರು ಕೂಗುತ್ತಿದ್ದವನು ಮೈಕಿನಲ್ಲಿ, ಈಶ್ವರನ್, ಜೊತೆಗೆ ಕುಮರೇಶನ್ ಎಂದು ಓದಿದ. ಏದುಸಿರು ಬಿಡುತ್ತಿದ್ದ ಮೇಷ್ಟರು ಕೈಯೆತ್ತಿ ಅವನನ್ನು ತಡೆದರು.

“ಕುಮರೇಶನ್ ಅಲ್ಲ. ನನ್ನನ್ನ ತಂದವಳು ಅವರ ಮಗಳು ಕಾರ್ತಿಕಾ. ಸರಿಯಾಗಿ ಹೇಳಿ.”

ಅವನು ಸರಿಯಾಗಿ ಹೇಳಿದ, ಎರಡು ಸಲ ಹೇಳಿದ. ಹುಡುಗಿಯರಲ್ಲಿ ಒಬ್ಬಳು, ಪಳನಿಯಮ್ಮಾಳ್ ಎಂಬವಳು, ಕೈ ಚಾಚಿ ಕಾರ್ತಿಕಾಳ ಮುಖ, ಬೆವರಿದ ಹಣೆ, ಜಡೆ ಮುಟ್ಟಿ ನೋಡಿದಳು. ನನ್ನನ್ನೂ ಒಂದು ದಿನ ಓಡಿಸುತ್ತೀಯಾ ಎಂದು ಕೇಳಿದಳು. ಪರೀಕ್ಷೆ ಮುಗಿದ ಮೇಲೆ ಎಂದು ಕಾರ್ತಿಕಾ ಒಪ್ಪಿಕೊಂಡಳು.

ಕುಮರೇಶನ್ ಗುಂಪಿನ ಅಂಚಿನಲ್ಲಿ ಹೆಂಡತಿಯ ಹೆಗಲು ಹಿಡಿದು ಒಂಟಿಕಾಲಲ್ಲಿ ನಿಂತಿದ್ದ. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಆ ಹುಡುಗಿ ಯಾರ ಪೈಕಿ ಎಂದು ವಿಚಾರಿಸಿದರು. ನನ್ನ ಮಗಳು ಎಂದು ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ವಿಜಯಕುಮಾರಿ ಹೇಳಿಯಾಗಿತ್ತು.

ಮನೆಗೆ ಬಂದು, ಗಂಡನ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟು, ಮಗಳಿಗೆ ತಲೆಗೆ ಎಣ್ಣೆ ಹಚ್ಚುತ್ತ ವಿಜಯಕುಮಾರಿ ಪೋತ್ತನೂರಿನ ಅಕ್ಕನಿಗೆ ಫೋನ್ ಮಾಡಿದಳು. ಓಟದ ಬಗ್ಗೆ ಅವಳು ಯಾರ ಹತ್ತಿರವಾದರೂ ತಾನಾಗಿ ಮಾತಾಡಿದ್ದನ್ನು ಕುಮರೇಶನ್ ಕೇಳಿದ್ದು ಅದೇ ಮೊದಲು. ಲಾರಿ, ನವಿಲು, ಮೈಕು, ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ರಾಜಾಮಣಿ, ಹುಡುಗಿ ಎಷ್ಟು ದೂರ ಓಡಿದಳು ಎಂದು ಕೇಳಿರಬೇಕು.

“ಪೂರಾ ಅಕ್ಕಾ,” ಎಂದಳು ವಿಜಯಕುಮಾರಿ. “ವೆಳ್ಳಕೋಯಿಲಿಂದ ಕಾಂಗೇಯಂ ಪೂರಾ.”

ಎಣ್ಣೆ ತಲೆಯ ಕಾರ್ತಿಕಾ ತಿದ್ದಲು ಹೊರಟಳು. ಹಾಸಿಗೆಯ ಮೇಲೆ ಕಾಲು ಚಾಚಿದ್ದ ಕುಮರೇಶನ್ ಸುಮ್ಮನಿರು ಎಂದು ಮಗಳಿಗೆ ಸನ್ನೆ ಮಾಡಿದ. ಅವನಿಗೂ ಆ ಲೆಕ್ಕವೇ ಸರಿಯೆನಿಸಿತ್ತು.