ಮೈ ತೊಳೆದ ಹಲಗೆ

ಚಲಪತಿ ಕೊಡಲಿಯಿಂದ ಹೊಡೆದ ಏಟಿಗೆ ರಾಕ್ಷಸನ ಕೊಂಬು ಮುರಿದು ಅಂಗಳದಲ್ಲಿ ಬಿತ್ತು. ಇನ್ನೊಂದು ಏಟಿಗೆ ಮುಖ ಎರಡಾಯಿತು. ಎರಡೂ ಹೋಳನ್ನು ಹಂಡೆಯ ಕೆಳಗೆ ತುರುಕಿ ಊದಿದ. ಹಳೆಯ ಬಣ್ಣ ಚಟಚಟ ಎಂದು ಹೊತ್ತಿಕೊಂಡಿತು.

“ಸೀಮೆಎಣ್ಣೆ ಉಯ್ದಂಗೆ ಉರೀತವೆ ಕಣಕ್ಕ. ಭಾವ ಬದುಕಿದ್ದಾಗ ಒಂದಿನ ಒಲೆ ಮುಂದೆ ಕೂತೋರಲ್ಲ. ಈಗ ಅವರ ಬೊಂಬೆಗಳೇ ನೀರು ಕಾಯಿಸ್ತಾವೆ ನೋಡು.”

“ಬಾಯಿ ಮುಚ್ಕೊಂಡು ಉರಿ ಆಕ್ಲಾ,” ಎಂದಳು ಕನಕಮ್ಮ.

ಒಳಗೆ ಚಾಪೆಯ ಮೇಲೆ ಅವಳ ಗಂಡ ಪೆರುಮಾಳ್ ತಣ್ಣಗೆ ಮಲಗಿದ್ದ. ಎದೆಯಲ್ಲಿ ಕೂತಿದ್ದ ಗಣಿಯ ದೂಳು ಕೊನೆಗೂ ಅವನ ಉಸಿರನ್ನು ನುಂಗಿಹಾಕಿತ್ತು. ಗಣಿಯಾಳುಗಳ ಮನೆಸಾಲಿನ ಆ ಇಡೀ ಲೈನಿನಲ್ಲಿ ಈಗ ಎಲ್ಲರದೂ ಗ್ಯಾಸ್ ಒಲೆ. ಇದ್ದ ನಾಲ್ಕು ಸೌದೆ ಮಳೆಯಲ್ಲಿ ನೆಂದಿತ್ತು. ಹೆಣದ ಸ್ನಾನಕ್ಕೆ ಹಂಡೆ ತುಂಬ ನೀರು ಬೇಕು. “ಶೆಡ್ಡಲ್ಲಿರೋ ಅಲಗೆ ಒಡೀರಿ,” ಎಂದು ಹೇಳಿದವಳು ಕನಕಮ್ಮನೇ.

ಚಿತ್ರ ಬರೆದ ಆ ಹಲಗೆಗಳಲ್ಲಿ ಎಲ್ಲಕ್ಕಿಂತ ಉದ್ದವಾಗಿದ್ದ ಒಂದನ್ನು ಮಾತ್ರ ಚಲಪತಿ ಉಳಿಸಿಕೊಂಡ. “ಮೈ ತೊಳೆಯಕ್ಕೆ ಇದು ಸರಿ ಓಯ್ತದೆ.”

“ದೆವ್ವದ ಮೇಲೆ ಹೆಣ ಮಲಗುಸ್ತೀಯೇನ್ಲಾ? ಬೊಂಬೆ ಕೆಳಗಾಕು,” ಎಂದು ಪಕ್ಕದ ಮನೆಯ ಮುದುಕಿ ಮಾರಿಯಮ್ಮ ಗದರಿದಳು. ಅವನು ಮಗುಚಿ ಹಾಕಿದ. ಮೇಲೆ ಬಂದ ಮಗ್ಗುಲು ದೂಳು, ಮಸಿ ಹಿಡಿದು ಕರ್ರಗಿತ್ತು. ಅದರ ಮೇಲೆ ಪೆರುಮಾಳನನ್ನು ಮಲಗಿಸಿ ನೀರು ಹುಯ್ದರು.

ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಆ ಲೈನಿನಲ್ಲಿ ಒಂದು ರೂಢಿಯಿದೆ. ಹೆಣದ ಮೈ ತೊಳೆದ ಹಲಗೆ ಮತ್ತೆ ಮನೆಯೊಳಗೆ ಬರುವುದಿಲ್ಲ. ಅದೂ ಚಟ್ಟದ ಹಿಂದೆ ಹೋಗುತ್ತದೆ. ಗುಂಡಿಯಲ್ಲಿ ಹೆಣದ ಮೇಲೆ ಅದನ್ನು ಹೊದಿಸಿ ಆಮೇಲೆ ಮಣ್ಣು ಹಾಕುತ್ತಾರೆ. ಗಣಿಯ ಮರಮುಟ್ಟು ಕೈಗೆ ಸಿಗುತ್ತಿದ್ದ ಕಾಲದಿಂದ ಬಂದದ್ದು.

*

ಪೆರುಮಾಳ್ ಗಣಿಯಲ್ಲಿ ಬೋರ್ಡು ಬರೆಯುತ್ತಿದ್ದ. ಬಣ್ಣದ ಡಬ್ಬ ಹಿಡಿದು ಪಾತಾಳಕ್ಕೆ ಇಳಿದು, ಎಲ್ಲಿ ನಡೆಯಬೇಕು, ಎಲ್ಲಿ ನಿಲ್ಲಬಾರದು ಎಂದು ಬರೆದು ಮೇಲೆ ಬರುತ್ತಿದ್ದ. ಹಳತಾಗಿ ಬಿಸಾಡಿದ ಬೋರ್ಡುಗಳನ್ನು ಮನೆಗೆ ಹೊತ್ತು ತರುತ್ತಿದ್ದ. ಅವುಗಳ ಬೆನ್ನಿನ ಮೇಲೆ ಕಾಂತರಾಜ್ ಎಂಬವರ ಕಾದಂಬರಿಗಳಿಗೆ ಮುಖಪುಟ ಬರೆಯುತ್ತಿದ್ದ.

ಆ ಕಾಂತರಾಜ್ ತಿಂಗಳಿಗೊಂದು ಕಾದಂಬರಿ ಬರೆದು ಎಸೆಯುವ ಆಸಾಮಿ. ಎಲ್ಲ ಕಥೆಯೂ ನೆಲದಡಿಯ ಮಾಯಾರಾಜ್ಯದ್ದೇ. ಪೆರುಮಾಳ್ ಹಲಗೆಯನ್ನು ದುಪ್ಪಟಿಯಲ್ಲಿ ಸುತ್ತಿ ರೈಲಿನಲ್ಲಿ ಬಂಗಾರಪೇಟೆಗೆ ಒಯ್ಯುತ್ತಿದ್ದ. ಪ್ರೆಸ್ಸಿನವರು ಫೋಟೊ ಹಿಡಿದುಕೊಂಡು ಹಲಗೆ ವಾಪಸು ಕೊಡುತ್ತಿದ್ದರು. ಹೆಸರು ಹಾಕಿ ಎಂದರೆ ಜಾಗವಿಲ್ಲ ಎನ್ನುತ್ತಿದ್ದರು. ಅದಕ್ಕೇ ಅವನು ಪ್ರತಿ ಚಿತ್ರದ ಮೂಲೆಯಲ್ಲೂ ಗಣಿಯಾಳಿನ ಒಂದು ಪುಟ್ಟ ದೀಪ ಬರೆಯುತ್ತಿದ್ದ.

ಒಂದು ರಾತ್ರಿ ಮಗಳು ಮುನಿಲಕ್ಷ್ಮಿ ಗೋಡೆಗೆ ಒರಗಿಸಿದ್ದ ರಾಕ್ಷಸನನ್ನು ಕಂಡು ಕಿರುಚಿಕೊಂಡಳು.

“ಮಕ್ಕಳಿರೋ ಮನೇಲಿ ಇದೇನು ಕೊಂಬು, ಕೋರೆಹಲ್ಲು? ಆಚೆಗಾಕು,” ಎಂದಳು ಕನಕಮ್ಮ.

ಪೆರುಮಾಳ್ ಒಂದೊಂದೇ ಹಲಗೆ ಹೊತ್ತು, ಶೆಡ್ಡಿನಲ್ಲಿ ಚಿತ್ರದ ಮಗ್ಗುಲು ಗೋಡೆಗೆ ಮಾಡಿ ನಿಲ್ಲಿಸಿದ. ಆಮೇಲೆ ಗಣಿ ಮುಚ್ಚಿತು, ಪ್ರೆಸ್ಸೂ ಮುಚ್ಚಿತು. ಅವನು ಅಂಗಡಿ ಬೋರ್ಡು ಬರೆದ. ಫ್ಲೆಕ್ಸ್ ಬಂದು ಅದೂ ಹೋಯಿತು. ಟೀ ಅಂಗಡಿಯಲ್ಲಿ ಯಾವಾಗಲಾದರೂ, “ಆ ಪುಸ್ತಕಗಳ ಚಿತ್ರ ನಂದೇ,” ಎಂದರೆ ಜನ ನಗುತ್ತಿದ್ದರು. ಮನೆಗೆ ಬಂದು ಅದನ್ನು ಹೇಳಿಕೊಂಡಾಗ ಕನಕಮ್ಮನೂ ನಕ್ಕಿದ್ದಳು.

*

ಚಟ್ಟ ಎತ್ತಿ, ತಮಟೆಯ ಸದ್ದು ಲೈನಿನ ತಿರುವು ದಾಟುವ ಹೊತ್ತಿಗೆ ಬೈಕೊಂದು ಬಂದು ಬಾಗಿಲಲ್ಲಿ ನಿಂತಿತು. ಓಡಿಸುತ್ತಿದ್ದವನು ಶಶಿಧರ್, ಧಾರವಾಡದ ಕಡೆಯಿಂದ ಬಂದು ಇಲ್ಲಿಯ ಕಾರ್ಖಾನೆಯಲ್ಲಿ ಕೆಲಸಕ್ಕಿರುವವನು. ಹಿಂದೆ ಕೂತಿದ್ದವಳು ವನಿತಾ, ಬಂಗಾರಪೇಟೆಯ ಟೀಚರು.

“ಪೆರುಮಾಳ್ ಸರ್ ಮನಿ ಇದಽ ಏನ್ರೀ?” ಎಂದ ಶಶಿಧರ್, ಬಾಗಿಲಿಗೆ ಕಟ್ಟಿದ್ದ ಶ್ರದ್ಧಾಂಜಲಿಯ ಫ್ಲೆಕ್ಸ್ ಕಂಡು ನಾಲಿಗೆ ಕಚ್ಚಿಕೊಂಡ. ತಟ್ಟನೆ ಬ್ಯಾಗನ್ನು ಎದೆಗೆ ಅಡ್ಡ ಹಿಡಿದ. ಅಷ್ಟರಲ್ಲಿ ಕನಕಮ್ಮ ನೋಡಿಯಾಗಿತ್ತು. ಬೆಳಿಗ್ಗೆ ಕೊಡಲಿಗೆ ಸಿಕ್ಕಿದ ಅದೇ ಕೊಂಬು, ಅದೇ ಮುಖ ಅವನ ಟೀ ಶರ್ಟಿನ ಮೇಲಿತ್ತು.

“ಈ ಬೊಂಬೆ ನಿನ್ ಅಂಗಿಗೆ ಎಲ್ಲಿಂದ ಬಂತಪ್ಪ?”

ವನಿತಾ ಒಂದು ಹೊಸ ಪುಸ್ತಕ ತೆಗೆದು ಅವಳ ಕೈಯಲ್ಲಿಟ್ಟಳು. “ಕಾಂತರಾಜ್ ಕಾದಂಬರಿಗಳನ್ನ ಮತ್ತೆ ಅಚ್ಚು ಹಾಕ್ತಿದಾರಮ್ಮ. ಮೊದಲು ಕಂಪ್ಯೂಟರಲ್ಲಿ ಮಾಡಿದ ಮುಖಪುಟ ಹಾಕಿದ್ರು. ನಾವು ಓದೋರೆಲ್ಲ ಜಗಳ ಮಾಡಿ ಹಳೇ ಚಿತ್ರಾನೇ ಹಾಕಿಸಿದ್ವಿ.”

“ಸಾಲ್ಯಾಗಿದ್ದಾಗ ನಾವು ಕಥಿ ಓದೂಕಿಂತ ಮೊದಲ ಚಿತ್ರಾನಽ ನೋಡ್ತಿದ್ವಿರಿ,” ಎಂದ ಶಶಿಧರ್. “ಆ ಪಾತಾಳ ಅವರಿಗೆ ಹೆಂಗ ಕಂಡಿತ್ತೋ!”

“ಕಾಣದೇ ಏನು? ದಿನಾ ಇಳೀತಿದ್ದ,” ಎಂದಳು ಮಾರಿಯಮ್ಮ.

ಬಂಗಾರಪೇಟೆಯ ಒಂದು ಹಳೆಯ ಅಂಗಡಿ ಬೋರ್ಡಿನ ಮೂಲೆಯಲ್ಲಿ ಅದೇ ಪುಟ್ಟ ದೀಪ ಕಂಡು, ಅಂಗಡಿಯವನನ್ನು ಕೇಳಿ ಅವರು ವಿಳಾಸ ಹಿಡಿದು ಬಂದಿದ್ದರು. ಹೊಸ ಪುಸ್ತಕದಲ್ಲಿ ಚಿತ್ರಗಾರ ಯಾರೆಂದು ತಿಳಿದಿಲ್ಲ ಎಂದು ಹಾಕಿದ್ದರು. ಬೇರೆ ಯಾರೋ ಒಬ್ಬ ಆ ಚಿತ್ರಗಳೂ ದೀಪವೂ ತನ್ನವೇ ಎಂದು ಪ್ರಕಾಶಕರಿಗೆ ಗಂಟುಬಿದ್ದಿದ್ದನಂತೆ.

“ಒಂದೇ ಒಂದು ಅಸಲಿ ಚಿತ್ರ ತೋರಿಸಿದ್ರೆ ಸಾಕಮ್ಮ, ಮುಂದಿನ ಸಲ ಪೆರುಮಾಳ್ ಅಂತ ಹೆಸರು ಹಾಕ್ತಾರೆ,” ಎಂದಳು ವನಿತಾ. “ಇದಾವಾ?”

ಕನಕಮ್ಮ ಒಲೆಯ ಕಡೆ ನೋಡಿದಳು. ಬೂದಿಯಲ್ಲಿ ಹಲಗೆಯ ಮೊಳೆಗಳು ಇನ್ನೂ ಕೆಂಪಗಿದ್ದವು. ಮಾರಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಒಂದು ಉಳಿದಿತ್ತು. ಅದು ಚಟ್ಟದ ಹಿಂದೆ ಚಲಪತಿಯ ತಲೆಯ ಮೇಲೆ ಹೋಗುತ್ತಿತ್ತು.

“ಗಾಡಿ ತೆಗಿಯಪ್ಪ,” ಎಂದು ಎದ್ದಳು ಕನಕಮ್ಮ.

ಮುನಿಲಕ್ಷ್ಮಿ ಕೈ ಹಿಡಿದಳು. “ಅಮ್ಮಾ, ಎಂಗಸ್ರು ಅಲ್ಲಿಗೆ ಓಗಬಾರ್ದು. ಅದೂ ಇವತ್ತು, ನೀನು...”

“ಅಷ್ಟು ವರ್ಷ ಆಯಪ್ಪನ್ನ ಶೆಡ್ಡಿಗೆ ಆಕಿದ್ದೆ ಕಣೇ. ಬಿಡು ಕೈ.”

ಕನಕಮ್ಮ ಹುಟ್ಟಿದ ಮೇಲೆ ಬೈಕು ಹತ್ತಿದವಳಲ್ಲ. ಶಶಿಧರನ ಅಂಗಿಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದು ಕೂತಳು.

*

ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಬುಡದಲ್ಲಿ ಸ್ಮಶಾನ. ಅವರು ಹೋಗುವಷ್ಟರಲ್ಲಿ ಹೆಣ ಇಳಿಸಿ, ಹಲಗೆಯನ್ನೂ ಗುಂಡಿಯ ಬಾಯಿಗೆ ತಂದಿದ್ದರು.

“ಅಕ್ಕಾ! ಇಲ್ಲಿಗ್ಯಾಕೆ ಬಂದೆ?”

“ಅದನ್ನ ತಿರುವ್ಲಾ.”

ಚಲಪತಿ ತಿರುಗಿಸಿ, ಅಂಟಿದ ಕೆಸರನ್ನು ಟವಲಿನಿಂದ ಒರೆಸಿದ. ಗಣಿಯ ಬಾಯಿಯಂಥ ಒಂದು ಗುಹೆ, ಅದರ ಮುಂದೆ ಪಾತಾಳದ ರಾಣಿ ಕೂತಿದ್ದಳು. ಮೈತುಂಬ ಚಿನ್ನ. ಅವಳ ಎಡಹುಬ್ಬು ನಡುವೆ ಕತ್ತರಿಸಿದಂತಿತ್ತು.

ಕನಕಮ್ಮನ ಬೆರಳು ತನ್ನ ಎಡಹುಬ್ಬಿಗೆ ಹೋಯಿತು. ಮದುವೆಯಾದ ಹೊಸತರಲ್ಲಿ ನಲ್ಲಿಯ ಜಗಳದಲ್ಲಿ ಕೊಡ ತಾಗಿ ಸೀಳಿದ ಗಾಯ ಅದು. ಶಶಿಧರ್ ಚಿತ್ರ ನೋಡಿ ಅವಳನ್ನು ನೋಡಿದ. ಇಡೀ ಹಲಗೆಯನ್ನೂ ಮೂಲೆಯ ದೀಪವನ್ನೂ ಫೋನಿನಲ್ಲಿ ಹಿಡಿದುಕೊಂಡ.

“ಅಮ್ಮಾರ, ಇದನ್ನ ಕೊಡ್ರಿ. ಜತನ ಮಾಡ್ತೀವಿ.”

“ಕೊಟ್ಬಿಡಕ್ಕ,” ಎಂದ ಚಲಪತಿ, ತಲೆ ಎತ್ತದೆ.

ಕನಕಮ್ಮ ಗುಂಡಿಯೊಳಗೆ ನೋಡಿದಳು. “ಫೋಟೊದಲ್ಲಿ ದೀಪ ಬಂತಾ?”

“ಬಂದದ್ರಿ.”

“ಆಯಪ್ಪನ ಎಸರು ಆಕಕ್ಕೆ ಅಷ್ಟು ಸಾಕಾ?”

ಅವನು ಫೋನಿನ ಚಿತ್ರವನ್ನು ಹಿಗ್ಗಿಸಿ ನೋಡಿದ. “ಸಾಕಾಗಬೇಕ್ರಿ. ನಾವು ಬಿಡೂದಿಲ್ಲ.”

“ಅಂಗಾದ್ರೆ ಬೊಂಬೆ ಆಯಪ್ಪನ ಕಡೆ ಮಾಡಿ ಇಡ್ಲಾ ಚಲಪತಿ. ಗೋಡೆ ನೋಡಿದ್ದು ಸಾಕು.”

ಹಲಗೆ ಇಳಿಯಿತು. ಎಲ್ಲರೂ ಮಣ್ಣಿಗೆ ಬಗ್ಗಿ ಹಿಡಿ ತುಂಬಿಕೊಂಡರು. ಹಾಕಲು ಕೈ ಎತ್ತಿದವರು ಹಾಗೇ ನಿಂತರು.

ಬೆಳಗಿನ ನೀರು ಹಲಗೆಯ ಈ ಮಗ್ಗುಲಿನ ದೂಳು, ಮಸಿಯನ್ನೆಲ್ಲ ತೊಳೆದುಬಿಟ್ಟಿತ್ತು. ಗಣಿಯ ಹಳೇ ಬೋರ್ಡಿನ ಮೇಲೆ ಪೆರುಮಾಳ್ ಬರೆದಿದ್ದ ದುಂಡು ಕೆಂಪಕ್ಷರಗಳು ಗುಂಡಿಯೊಳಗಿಂದ ಎದ್ದು ಕಾಣುತ್ತಿದ್ದವು: “ಇಲ್ಲಿ ಏನನ್ನೂ ಎಸೆಯಬೇಡಿ. ಕೆಳಗೆ ಜನರಿದ್ದಾರೆ.”

ಸುತ್ತ ನಿಂತವರಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ಗಣಿಗೆ ಇಳಿದವರೇ. ಹಿಡಿಮಣ್ಣು ಅವರ ಮುಷ್ಟಿಯಲ್ಲೇ ಉಳಿಯಿತು. ತಮಟೆಯವನೂ ಕೈ ತಡೆದ.

ಕನಕಮ್ಮ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಬಾಗಿದಳು. ಅವಳು ಮಣ್ಣನ್ನು ಎಸೆಯಲಿಲ್ಲ. ತೋಳು ಇಳಿಯುವಷ್ಟೂ ಇಳಿಬಿಟ್ಟು, ಬೆರಳ ಸಂದಿಯಿಂದ ಸ್ವಲ್ಪ ಸ್ವಲ್ಪವಾಗಿ, ಸದ್ದಾಗದ ಹಾಗೆ ಬಿಟ್ಟಳು.