ಟೈಗರ್ ಕೂರುವ ಸೀಟು

ಅರವತ್ತೆಂಟನೇ ಇಸವಿಯಲ್ಲಿ ನಾನು ದೇವನಹಳ್ಳಿ ಹತ್ತಿರದ ಆವತಿಯ ವೆಂಕಟರಾಯಪ್ಪನವರ ಜೀಪು ಓಡಿಸುತ್ತಿದ್ದೆ. ಆ ದಿನದ ಮಾತು ಎತ್ತಿದರೆ ಇವತ್ತಿಗೂ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಬೆಳಿಗ್ಗೆ ದ್ರಾಕ್ಷಿ ತೋಟಕ್ಕೆ ಹುಚ್ಚುನಾಯಿಯೊಂದು ನುಗ್ಗಿ ಯಜಮಾನರ ಸೀಮೆನಾಯಿ ಟೈಗರ್ ಮೇಲೆ ಬಿತ್ತು. ಹುಲ್ಲು ಕುಯ್ಯುತ್ತಿದ್ದ ಕೂಲಿಯಾಳು ಮುತ್ತಮ್ಮ ಕುಡುಗೋಲು ಹಿಡಿದೇ ನಡುವೆ ನುಗ್ಗಿದಳು. ಟೈಗರ್ ಕಿವಿ ಹರಿಯಿತು, ಮುತ್ತಮ್ಮನ ಮೀನಖಂಡಕ್ಕೆ ನಾಲ್ಕು ಹಲ್ಲು ಇಳಿದವು. ಹುಚ್ಚುನಾಯಿಯನ್ನು ಆಳುಗಳು ಬಡಿದು ಹಾಕಿದರು.

"ಲೇ ಪಿಳ್ಳಾ, ಜೀಪ್ ತೆಗಿಯೋ! ಟೈಗರ್‌ನ ಬೆಂಗ್ಳೂರಿಗೆ ಕರ್ಕೊಂಡ್ಹೋಗು!" ಯಜಮಾನರಿಗೆ ಅಳುವೇ ಬಂದಿತ್ತು.

ಮುತ್ತಮ್ಮ ಗಾಯಕ್ಕೆ ಅರಿಶಿನ ಮೆತ್ತಿಕೊಂಡು ನಿಂತಿದ್ದಳು. "ನಾನೇನ್ ಮಾಡ್ಲಿ ಪಿಳ್ಳಣ್ಣ?" ಎಂದಳು. ನಾಯಿ ಕಚ್ಚಿದವರು ಅದೇ ದಿನ ಏಳು ಬಾವಿ ಇಣುಕಿ ನೋಡುವುದು ನಮ್ಮಲ್ಲಿ ರೂಢಿ. ನೀರಿನಲ್ಲಿ ಮುಖ ಕಂಡರೆ ವಿಷ ಇಳಿಯಿತು ಅಂತ ಲೆಕ್ಕ. "ಬಾವಿ ನೋಡ್ಕೊಂಡ್ ಬಾ ಮುತ್ತಕ್ಕ, ಏನೂ ಆಗಲ್ಲ" ಎಂದೆ. ಯಾವ್ಯಾವ ಬಾವಿ ಅಂತ ನಾನೇ ಬೆರಳು ಮಡಿಸಿ ಹೇಳಿಕೊಟ್ಟೆ. ಆಮೇಲೆ ಮುಂದಿನ ಸೀಟಿಗೆ ಕಂಬಳಿ ಹಾಸಿ ಟೈಗರ್‌ನನ್ನು ಕೂರಿಸಿದೆ. ಹಿಂದೆ ಪೂರ್ತಿ ಖಾಲಿ ಇತ್ತು.

ದನದಾಸ್ಪತ್ರೆಯ ಡಾಕ್ಟರು ಟೈಗರ್‌ನನ್ನು ಬೋನಿಗೆ ಹಾಕಿಸಿ, "ಆ ಹುಚ್ಚುನಾಯಿ ಬೇರೆ ಯಾರಿಗಾದ್ರೂ ಕಚ್ಚಿದೆಯೇನಪ್ಪಾ?" ಎಂದು ಕೇಳಿದರು.

"ಯಾರಿಗೂ ಇಲ್ಲ ಸಾರ್. ಒಬ್ಬಳು ಕೂಲಿಯವಳಿಗೆ, ಅಷ್ಟೆ."

ಅವರು ನನ್ನ ಮುಖವನ್ನೇ ನೋಡಿದರು. "ಎಲ್ಲಿ ಅವಳು?"

"ಬಾವಿ ನೋಡಕ್ಕೆ ಹೋಗವ್ಳೆ."

"ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಬೀಳದಿದ್ರೆ ಸಾಯ್ತಾಳೆ ಕಣಯ್ಯಾ! ರೋಗ ಶುರುವಾದ್ಮೇಲೆ ಯಾರಿಂದ್ಲೂ ಉಳಿಸೋಕಾಗಲ್ಲ. ನಾಯೀನ ಜೀಪಲ್ಲಿ ತಂದು ಮನುಷ್ಯರನ್ನ ಬಾವಿಗೆ ಕಳ್ಸಿದೀಯಲ್ಲ, ಥೂ!"

ಟೈಗರ್‌ನನ್ನು ಅಲ್ಲೇ ಬಿಟ್ಟು ಜೀಪಿಗೆ ಓಡಿದೆ. ದೇವನಹಳ್ಳಿ ರಸ್ತೆಯಲ್ಲಿ ಜೀಪು ಹೇಗೆ ಓಡಿಸಿದೆನೋ ನನಗೇ ಗೊತ್ತಿಲ್ಲ. ಮುತ್ತಮ್ಮ ಐದನೇ ಬಾವಿಯ ಕಟ್ಟೆಗೆ ಒರಗಿ ಕೂತಿದ್ದಳು, ಕಾಲು ಊದಿಕೊಂಡಿತ್ತು. ನನ್ನನ್ನು ಕಂಡದ್ದೇ, "ಟೈಗರ್ ಉಳ್ಕೊಂತಾ ಪಿಳ್ಳಣ್ಣ?" ಎಂದಳು.

"ಅದರ ಮನೆ ಹಾಳಾಗ! ದೊಡ್ಡಾಸ್ಪತ್ರೆಗೆ ಹೋಗ್ಬೇಕು, ಹತ್ತು ಮೊದ್ಲು!"

"ಇನ್ನೆರಡು ಬಾವಿ ಐತಲ್ಲಪ್ಪ..."

ರಟ್ಟೆ ಹಿಡಿದು ಎಳೆದುಕೊಂಡು ಬಂದು ಮುಂದಿನ ಸೀಟು ತೋರಿಸಿದೆ. ಅವಳು ಕಂಬಳಿ ನೋಡಿ ಹಿಂದೆ ಸರಿದಳು.

"ಅಯ್ಯೋ, ಅದು ಟೈಗರ್ ಕೂರೋ ಜಾಗ. ಯಜಮಾನ್ರು ನೋಡಿದ್ರೆ ಬೈತಾರೆ."

ಹಿಂದಕ್ಕೆ ಹತ್ತಿ, ಅಲ್ಲೂ ಸೀಟು ಬಿಟ್ಟು ಕೆಳಗಿನ ತಗಡಿನ ಮೇಲೆ ಮುದುರಿಕೊಂಡಳು. ಬೈದೆ, ಕೈ ಮುಗಿದೆ, ಮೇಲೇಳಲಿಲ್ಲ.

ಸಂಜೆಯೊಳಗೆ ಮೊದಲ ಸೂಜಿ ಬಿತ್ತು. ಹದಿನಾಲ್ಕೂ ಮುಗಿದವು, ಅವಳು ಬದುಕಿದಳು. ಆದರೆ ಅವತ್ತು ಬೆಂಗಳೂರು ಮುಟ್ಟುವವರೆಗೂ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. ಡಾಕ್ಟರಿಗೆ ನಾನು "ಯಾರಿಗೂ ಇಲ್ಲ" ಅಂದಿದ್ದೆನಲ್ಲ, ಮುತ್ತಮ್ಮನೂ ತನ್ನನ್ನು ಲೆಕ್ಕಕ್ಕಿಲ್ಲದವಳು ಅಂತಲೇ ಅಂದುಕೊಂಡಿದ್ದಳು.