ಮೈನರ್ ಸ್ವತ್ತು

"ಬೋಳಿಮಗಳೇ, ಕೈ ಉಜ್ಜು ಅಂದ್ರೆ ಮುದ್ದು ಮಾಡ್ತಾ ಕೂತಿದೀಯಲ್ಲೇ! ಸಾಹೇಬ್ರು ಬರೋ ಹೊತ್ತಾಯ್ತು."

ದೊಡ್ಡಪ್ಪ ಬಚ್ಚಲಿನ ಬಾಗಿಲಲ್ಲೇ ನಿಂತಿದ್ದ. ಹುಡುಗಿ ಇಟ್ಟಿಗೆ ಚೂರಿನಿಂದ ಮೊಣಕೈವರೆಗೂ ಉಜ್ಜಿದಳು. ಚರ್ಮ ಸುಲಿಯಿತು, ನೀಲಿ ಬಿಡಲಿಲ್ಲ. ಕುದಿಯುವ ಬಣ್ಣದ ಹಂಡೆಯಲ್ಲಿ ದಿನವೂ ನೂಲಿನ ಲಡಿ ಅದ್ದಿ ತೆಗೆಯುವ ಕೈ. ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಉದ್ದ ತೋಳಿಂದು ಹಾಕು ಇವಳಿಗೆ," ಎಂದು ಹೆಂಡತಿಗೆ ಕೂಗಿದ. ದೊಡ್ಡಮ್ಮ ಬೆರಳೂ ಮುಚ್ಚುವಷ್ಟು ಉದ್ದ ತೋಳಿನ, ತನ್ನ ಮಗಳ ಅಂಗಿ ತಂದು ತೊಡಿಸಿದಳು. ತೊಡಿಸುತ್ತಲೇ ರಟ್ಟೆ ಚಿವುಟಿದಳು. "ಕೇಳಿದ್ದಕ್ಕೆಲ್ಲ ತಲೆ ಆಡಿಸು, ಸಾಕು. ಬಾಯಿ ಬಿಟ್ಟೆಯೋ, ನಾಲಿಗೆ ಸೀಳ್ತೀನಿ."

ಆ ಮನೆ, ಹಿತ್ತಲಿನ ಬಣ್ಣದ ಕಾರ್ಖಾನೆ, ಎರಡೂ ಹುಡುಗಿಯ ಅಪ್ಪ ಕಟ್ಟಿದ್ದು. ಅವಳ ತಾಯಿ ಹೆರಿಗೆಯಲ್ಲೇ ಹೋದವಳು. ಅಪ್ಪ ಕಾಲು ಜಾರಿ ಕುದಿಯುವ ಹಂಡೆಗೆ ಬಿದ್ದು ಸತ್ತ ಮೇಲೆ, ಮಗಳು ವಯಸ್ಸಿಗೆ ಬರುವವರೆಗೂ ಎಲ್ಲವನ್ನೂ ನೋಡಿಕೊಳ್ಳಲಿ ಎಂದು ಕೋರ್ಟು ದೊಡ್ಡಪ್ಪನನ್ನು ಗಾರ್ಡಿಯನ್ ಮಾಡಿತ್ತು. ಅವನು ನೋಡಿಕೊಂಡ. ಶಾಲೆ ಬಿಡಿಸಿ ಹಂಡೆಗೆ ಹಚ್ಚಿದ, ಕಟ್ಟಿಗೆ ಒಟ್ಟುವ ಕೊಟ್ಟಿಗೆಯಲ್ಲಿ ಮಲಗಿಸಿದ. ಈಗ ಮನೆ, ಕಾರ್ಖಾನೆ ಎಲ್ಲವನ್ನೂ ಮಾರುವ ಆತುರ ಅವನಿಗೆ. ಆದರೆ ಮೈನರ್ ಸ್ವತ್ತನ್ನು ಕೋರ್ಟಿನ ಅಪ್ಪಣೆಯಿಲ್ಲದೆ ಮಾರುವಂತಿರಲಿಲ್ಲ. ಅದಕ್ಕೇ ಇವತ್ತು ಕೋರ್ಟಿನ ಕಡೆಯಿಂದ ಒಬ್ಬ ಸಾಹೇಬ ನೋಡಿಹೋಗಲು ಬರುವವನಿದ್ದ.

ಸಾಹೇಬ ಬಂದು ನಡುಮನೆಯ ಮೆತ್ತನೆ ಕುರ್ಚಿಯಲ್ಲಿ ಕೂತ.

"ಯಾವ ಕ್ಲಾಸಮ್ಮ?"

"ಒಂಬತ್ತನೇದು ಸಾರ್. ಓದಿನಲ್ಲಿ ಬಲು ಚುರುಕು," ಎಂದ ದೊಡ್ಡಪ್ಪ.

"ಮಾರಿದ್ರೆ ಇವಳಿಗೇನು ಉಪಯೋಗ?"

"ಓದಿಸ್ಬೇಕು, ಮದುವೆ ಮಾಡ್ಬೇಕು... ನಾನು ಕಣ್ಣು ಮುಚ್ಚೋದ್ರೊಳಗೆ ಒಂದು ದಡ ಸೇರಿಸ್ಬೇಕಲ್ವಾ ಸಾರ್? ತಮ್ಮನ ಮಗಳು ಅಂದ್ರೆ ನನ್ನ ಮಗಳೇ." ಹೇಳುತ್ತಾ ಕಣ್ಣೂ ಒರೆಸಿಕೊಂಡ.

ಹುಡುಗಿ ಚಹಾ ಕೊಡಲು ಬಗ್ಗಿದಾಗ ಅಂಗಿಯ ತೋಳು ಮೇಲೆ ಸರಿಯಿತು. ಸಾಹೇಬ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ.

"ಏನಿದು? ಅಂಟುರೋಗವಾ?"

"ಅಯ್ಯೋ, ಚಿತ್ರ ಬರೆಯೋ ಹುಚ್ಚು ಸಾರ್," ದೊಡ್ಡಮ್ಮ ನಕ್ಕಳು. ಸಾಹೇಬನೂ ನಕ್ಕ.

"ಸಾರ್," ಎಂದಳು ಹುಡುಗಿ. "ನಾನು ಮಲಗೋ ಜಾಗ ಒಂದ್ಸಲ ನೋಡಿ ಬನ್ನಿ. ಹಿಂದೇನೇ ಇದೆ."

ಹಿತ್ತಲ ತುಂಬ ಬಣ್ಣದ ಕೆಸರು. ಸಾಹೇಬ ಕಿಟಕಿಯಿಂದ ಅದನ್ನೊಮ್ಮೆ ನೋಡಿದ, ತನ್ನ ಬೂಟನ್ನೊಮ್ಮೆ ನೋಡಿದ.

"ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದಮ್ಮ. ನಿನ್ನ ಒಳ್ಳೇದಕ್ಕೇ ಅಲ್ವಾ ಇದೆಲ್ಲ?" ಎನ್ನುತ್ತಾ ಎದ್ದ. "ಮಗು ಸುಖವಾಗಿದೆ ಅಂತ ಹೇಳ್ತೀನಿ. ಅಪ್ಪಣೆ ಸಿಗುತ್ತೆ ಬಿಡಿ."

ದೊಡ್ಡಪ್ಪ ನಡು ಬಗ್ಗಿಸಿಕೊಂಡು ಜೀಪಿನವರೆಗೂ ಹೋದ. ಹುಡುಗಿ ಹಿತ್ತಲಿಗೆ ಹೋದಳು. ಹಂಡೆಗಳ ಅಡಿಯಲ್ಲಿ ಒಲೆಗಳು ಧಗಧಗ ಉರಿಯುತ್ತಿದ್ದವು. ಅವಳು ಮೊದಲ ಒಲೆಯ ಕೊಳ್ಳಿಗಳನ್ನು ಎಳೆದು ಹಾಕಿ ಬಕೆಟ್ ನೀರು ಸುರಿದಳು. ಬುಸ್ಸೆಂದು ಹಬೆ ಎದ್ದಿತು.

ಲಡಿ ಹಿಂಡುತ್ತಿದ್ದ ಮುದುಕಿ ಎದೆ ಬಡಿದುಕೊಂಡಳು. "ಏ ಹುಚ್ಚಿ, ಕೊಂದಾಕ್ತಾನೆ ಕಣೇ!"

"ಕೊಲ್ಲಲಿ ಬಿಡಜ್ಜಿ."

ಎರಡನೆಯದೂ ಆರಿತು. ಅಷ್ಟರಲ್ಲಿ ದೊಡ್ಡಪ್ಪ ಓಡಿ ಬಂದ.

"ಒಲೆ ಆರಿಸ್ತೀಯೇನೇ ರಂಡೆ! ಏನು, ನಿಮ್ಮಪ್ಪನ ಮನೆ ಗಂಟಾ ಇದು?"

"ಹೂಂ. ನಮ್ಮಪ್ಪಂದೇ."

ಕೂಲಿಯವರ ಕೈಗಳು ನಿಂತವು. ದೊಡ್ಡಪ್ಪ ಬಗ್ಗಿ ಸೌದೆಯೊಂದನ್ನು ಎತ್ತಿಕೊಂಡ. ಹುಡುಗಿ ಬಕೆಟ್ ತುಂಬಿಕೊಂಡು, ಇನ್ನೂ ಉರಿಯುತ್ತಿದ್ದ ಮೂರನೆಯ ಒಲೆಯ ಕಡೆಗೆ ನಡೆದಳು.